ತೆರೆದ ಹೊಟ್ಟೆಯ ಜಿ

"ಅಲ್ಲಾ, ಅದರಿಂದ ಯೂಸ್ ಏನು?" ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೆಲ್ವ್ಯೂದಲ್ಲಿ ಯಾರದೋ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲು, ಕೈಯಲ್ಲಿ ಬಿಸಿಬೇಳೆಭಾತಿನ ಕಾಗದದ ತಟ್ಟೆ, ಎದುರಿಗೆ ಕಂಪನಿಯ ಹೆಸರಿರುವ ಜಾಕೆಟ್ ತೊಟ್ಟ ಒಬ್ಬರು. ಮೊದಲು "ನೀವು ಎಲ್ಲಿ ವರ್ಕ್ ಮಾಡ್ತಿದೀರಾ?" ಟಕ್ವಿಲಾದ ಒಂದು ಗೋದಾಮಿನ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಎಂದರೆ ಅವರ ಮುಖ ಸ್ವಲ್ಪ ಇಳಿಯುತ್ತದೆ. ಉಳಿದ ದಿನ ಯೂನಿವರ್ಸಿಟಿ ಲೈಬ್ರರಿಯಲ್ಲಿ ಆರು ನೂರು ವರ್ಷ ಹಳೆಯ ಇಂಗ್ಲಿಷ್ ಕೈಬರಹ ನೋಡಿ, ಅದನ್ನು ಬರೆದವರು ಯಾರು ಅಂತ ಪತ್ತೆ ಹಚ್ಚೋ ಕೆಲಸ ಎಂದರೆ, ಆಗ ಬರುತ್ತದೆ ಈ ಯೂಸ್.

ಒಮ್ಮೆ ಒಬ್ಬರು "ಅದಕ್ಕೆಲ್ಲ ಈಗ ಆ್ಯಪ್ ಬಂದಿರಬೇಕಲ್ವಾ?" ಎಂದರು. "ನಿಮ್ಮ ಕೆಲಸಕ್ಕೂ ಬರ್ತಾ ಇದೆಯಂತೆ, ಕೇಳಿದೆ" ಎಂದೆ. ಅವರ ಹೆಂಡತಿ ನಕ್ಕರು, ಅವರು ನಗಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನನ್ನ ಗಂಡ, "ಸ್ವಲ್ಪ ತಡ್ಕೊಂಡು ಮಾತಾಡಬಾರದಾ?" ಎಂದ. ಫ್ಯಾಕ್ಟೋರಿಯಾದಲ್ಲಿರುವ ನಮ್ಮ ಮನೆ ಮುಟ್ಟುವವರೆಗೂ ಅವನಿಗೂ ಬೈದೆ. ಹಾಗೆ ಬೈಯುವುದರಲ್ಲಿ ನನಗೆ ಒಂದು ಸುಖವೂ ಇತ್ತು, ಸುಳ್ಳೇಕೆ ಹೇಳಲಿ.

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಗಂಡನ ಜೊತೆ ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ವೀಸಾದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಮನೆಯಲ್ಲಿ ಕೂತು ತಲೆ ಕೆಟ್ಟು ಲೈಬ್ರರಿಗೆ ವಾಲಂಟಿಯರ್ ಆಗಿ ಸೇರಿಕೊಂಡೆ. ಹಳೆಯ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಚೀಟಿ ಅಂಟಿಸುವ ಕೆಲಸ. ಅಲ್ಲಿಗೆ ಬರುತ್ತಿದ್ದ ನಿವೃತ್ತ ಪ್ರೊಫೆಸರ್ ಒಬ್ಬರು, ಎಪ್ಪತ್ತು ದಾಟಿದ ಹೆಂಗಸು, ನಾನು ಒಂದು ಚರ್ಮದ ಹಾಳೆಯ ಮುಂದೆ ಅರ್ಧ ಗಂಟೆ ನಿಂತದ್ದನ್ನು ನೋಡಿ, "ಏನು ಕಾಣಿಸ್ತಿದೆ?" ಎಂದು ಕೇಳಿದರು. "ಇಲ್ಲಿಂದ ಮುಂದೆ ಬರೆದವನು ಬೇರೆಯವನು" ಎಂದೆ. ಅದು ಸರಿಯಿತ್ತು. ಅಂದಿನಿಂದ ಅವರು ನನ್ನ ಗುರುಗಳು.

ಆ ಕಾಲದಲ್ಲಿ ಪುಸ್ತಕ ನಕಲು ಮಾಡುತ್ತಿದ್ದ ಲಿಪಿಕಾರರು ತಮ್ಮ ಹೆಸರು ಬರೆಯುತ್ತಿದ್ದುದು ಅಪರೂಪ. ಅವರನ್ನು ಹಿಡಿಯಬೇಕಾದರೆ ಅಕ್ಷರದಿಂದಲೇ ಹಿಡಿಯಬೇಕು. ಡಿ ಅಕ್ಷರದ ತಲೆ ಎಡಕ್ಕೆ ಬಾಗಿ ಕುಣಿಕೆಯಾಗಿದೆಯೋ ಇಲ್ಲವೋ, ಎಚ್‌ನ ಕಾಲು ಗೆರೆಯ ಕೆಳಗಿಳಿದಿದೆಯೋ, ವೈ ಮೇಲೆ ಚುಕ್ಕೆ ಇಟ್ಟಿದ್ದಾನೋ. ಆದರೆ ಇವೆಲ್ಲ ಒಂದೇ ಕಡೆ ಕಲಿತವರಿಗೆ ಸಾಮಾನ್ಯ. ಒಬ್ಬ ಮೇಷ್ಟ್ರ ಕೈಕೆಳಗೆ ಪಳಗಿದ ಹತ್ತು ಜನ ಒಂದೇ ಥರ ಬರೆದಾರು. ಒಬ್ಬನನ್ನು ಉಳಿದ ಒಂಬತ್ತು ಮಂದಿಯಿಂದ ಬೇರೆ ಮಾಡುವುದು ಅವನಿಗೇ ಗೊತ್ತಿಲ್ಲದ ಒಂದು ಚಟ. ಅಕ್ಷರದ ಯಾವುದೋ ಮೂಲೆಯಲ್ಲಿ ಕೈ ತಾನಾಗಿ ಮಾಡಿಬಿಡುವ ಒಂದು ಸಣ್ಣ ತಪ್ಪು. ಆ ಚಟ ಸಿಕ್ಕರೆ ಆಳು ಸಿಕ್ಕ ಹಾಗೆ.

ಇದನ್ನು ಹುಡುಕಲು ಗುರುಗಳು ಕಲಿಸಿದ ದಾರಿ ಹಳೆಯ ಕಾಲದ್ದು. ಪೆನ್ಸಿಲ್ ಹಿಡಿದು ಪ್ರತಿ ಅಕ್ಷರವನ್ನೂ ನೋಡಿ ನೋಡಿ ಬಿಡಿಸಬೇಕು. ಕಣ್ಣು ಅವಸರದಲ್ಲಿ ದಾಟಿಹೋಗುವುದನ್ನು ಕೈ ದಾಟುವುದಿಲ್ಲ ಎನ್ನುತ್ತಿದ್ದರು. ಬಿಡಿಸಿದ ಅಕ್ಷರಗಳನ್ನೆಲ್ಲ ದೊಡ್ಡ ಹಾಳೆಯ ಮೇಲೆ ಮನೆ ಮಾಡಿ ಸಾಲಾಗಿ ಅಂಟಿಸಿದರೆ ಒಬ್ಬ ಲಿಪಿಕಾರನ ಪಟ್ಟಿ ಸಿದ್ಧ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಆಮೇಲಿನ ಕೆಲಸ.

ನಮ್ಮ ಲೈಬ್ರರಿಯಲ್ಲಿ ಅಂಗೈಯಗಲದ ಒಂದು ಧರ್ಮೋಪದೇಶದ ಪುಸ್ತಕವಿದೆ. ಮೊದಲ ಹಾಳೆಗಳಿಲ್ಲ, ಕೊನೆಯವೂ ಇಲ್ಲ. ಡೌನ್‌ಟೌನ್ ಬೆಲ್ವ್ಯೂದ ಒಂದು ಗಗನಚುಂಬಿ ಕಟ್ಟಡದಲ್ಲಿ, ಟೆಕ್ ಕಂಪನಿಯಿಂದ ನಿವೃತ್ತನಾದ ಒಬ್ಬ ಆಸಾಮಿಯ ಗೋಡೆಯ ಮೇಲೆ, ಅದೇ ಕಾಲದ ಒಂದೇ ಒಂದು ಬಿಡಿ ಹಾಳೆಯಿದೆ. ಎರಡನ್ನೂ ಬರೆದವನು ಒಬ್ಬನೇ ಎಂದು ನನಗೆ ಮೊದಲ ನೋಟಕ್ಕೇ ಅನ್ನಿಸಿತು. ಅದನ್ನು ಸಾಬೀತು ಮಾಡಿದರೆ ನನ್ನ ಹೆಸರಿನಲ್ಲಿ ಒಂದು ಲೇಖನ, ಕ್ಯಾಟಲಾಗಿನಲ್ಲಿ ನನ್ನ ಹೆಸರಿರುವ ಒಂದು ಸಾಲು. ಹನ್ನೆರಡು ವರ್ಷದಲ್ಲಿ ಈ ಊರಿನಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅಷ್ಟೇ, ಮತ್ತು ಅದು ನನಗೆ ಬೇಕೇ ಬೇಕಿತ್ತು.

ಆ ಆಸಾಮಿ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಫೋಟೋ ಒಮ್ಮೆ ಇಂಟರ್‌ನೆಟ್ಟಿಗೆ ಹೋದರೆ ತನ್ನ ಹಾಳೆಗೆ ಬೆಲೆಯೇ ಇಲ್ಲವಂತೆ. ಬಾಗಿಲಿಗೆ ಬಂದ ಕೂಡಲೇ ನನ್ನ ಫೋನನ್ನು ಬೀಗದ ಕೈ ಇಡುವ ಬಟ್ಟಲಿನಲ್ಲಿ ಹಾಕಿಸಿಕೊಳ್ಳುತ್ತಿದ್ದ. ಹಾಳೆಗೆ ಬೆಳಕು ತಾಗಬಾರದೆಂದು ಪರದೆ ಅರ್ಧ ಎಳೆದಿರುತ್ತಿದ್ದ, ಮೇಲೆ ಗಾಜು ಬೇರೆ. ನಾನು ಆ ಮಬ್ಬಿನಲ್ಲಿ ನಿಂತು ಪೆನ್ಸಿಲಿನಲ್ಲಿ ಅಕ್ಷರ ಬಿಡಿಸುತ್ತಿದ್ದರೆ ಆತ ಸೋಫಾದಲ್ಲಿ ಕೂತು ಫುಟ್‌ಬಾಲ್ ನೋಡುತ್ತಿದ್ದ. "ನಿಮ್ಮ ಕಡೆಯವರು ಸಾಮಾನ್ಯವಾಗಿ ಕಂಪ್ಯೂಟರ್ ಲೈನಿನಲ್ಲೇ ಇರ್ತೀರಲ್ಲ?" ಎಂದು ಒಂದು ಶನಿವಾರ ಕೇಳಿದ. ಹಾಳೆ ಬೇಕಿತ್ತಲ್ಲ, ಹಲ್ಲು ಕಚ್ಚಿಕೊಂಡು ಮುಂದಿನ ಅಕ್ಷರ ಬಿಡಿಸಿದೆ. ಲಿಫ್ಟಿನಲ್ಲಿ ಇಳಿಯುವಾಗ ಕನ್ನಡದಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ, ಪಕ್ಕದಲ್ಲಿದ್ದವರು ನಾನು ಫೋನಿನಲ್ಲಿ ಮಾತಾಡುತ್ತಿದ್ದೇನೆ ಎಂದುಕೊಂಡಿರಬೇಕು.

ಹೀಗೆ ಎರಡು ಚಳಿಗಾಲ ಕಳೆಯಿತು. ಎರಡರಲ್ಲೂ ಡಿ ಹೊಂದಿತು, ಎಚ್ ಹೊಂದಿತು, ವೈ ಹೊಂದಿತು. ಆದರೆ ಅವು ಎಲ್ಲರಲ್ಲೂ ಹೊಂದುವಂಥವು. ಕೊನೆಗೆ ಸಿಕ್ಕಿದ್ದು ಜಿ. ಲೈಬ್ರರಿಯ ಪುಸ್ತಕದಲ್ಲಿ ಜಿ ಅಕ್ಷರದ ದುಂಡು ಹೊಟ್ಟೆ ಪೂರ್ತಿ ಮುಚ್ಚುತ್ತಿರಲಿಲ್ಲ. ಎಡಬದಿ ಕೆಳಗೆ, ಗೆರೆ ಗೆರೆಯನ್ನು ಕೂಡುವ ಜಾಗದಲ್ಲಿ, ಕೂದಲೆಳೆಯಷ್ಟು ತೆರೆದೇ ಉಳಿದಿತ್ತು. ಒಂದೆರಡು ಪುಟದಲ್ಲಿ ಅದು ಢಾಳಾಗಿ ಕಂಡಿತು. ಮುಂದಿನ ಶನಿವಾರ ಬೆಲ್ವ್ಯೂಗೆ ಹೋಗಿ ನೋಡಿದರೆ ಅಲ್ಲೂ ಅದೇ ತೆರೆದ ಹೊಟ್ಟೆ. ಪಟ್ಟಿ ಪಕ್ಕಪಕ್ಕ ಇಟ್ಟಾಗ ಎರಡು ಸಾಲು ಜಿ ಅವಳಿಜವಳಿಯಾಗಿ ಕೂತಿದ್ದವು. ಅಂದು ಟಕ್ವಿಲಾದ ಮಾಲಿಗೆ ಹೋಗಿ ನನಗೇ ಒಂದು ಸ್ವೆಟರ್ ಕೊಂಡುಕೊಂಡೆ.

ಲೇಖನದ ಕರಡನ್ನು ವಸಂತದಲ್ಲಿ ಗುರುಗಳಿಗೆ ಕೊಟ್ಟೆ. ವಾಪಸ್ ಬಂದಾಗ ಜಿ ಬಗ್ಗೆ ಬರೆದ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲಿತ್ತು. "ಈ ಸಂದು ಮೂಲ ಹಾಳೆಯಲ್ಲಿದೆಯೋ, ನಿನ್ನ ಚಿತ್ರದಲ್ಲಿದೆಯೋ? ಇನ್ನೊಮ್ಮೆ ನೋಡು." ನಾನು ಅದನ್ನು ಓದಿದ್ದು ಅವರ ಕೋಣೆಯಲ್ಲೇ, ಅವರ ಎದುರಿಗೇ. ಎರಡು ಚಳಿಗಾಲ, ಆ ಆಸಾಮಿಯ ಮಬ್ಬು ಕೋಣೆ, ಬಟ್ಟಲಿನಲ್ಲಿ ಬಿದ್ದ ನನ್ನ ಫೋನು, ಎಲ್ಲ ಒಟ್ಟಿಗೇ ನೆತ್ತಿಗೇರಿತು. "ಇದನ್ನೇ ನಿಮ್ಮ ಬಿಳಿ ವಿದ್ಯಾರ್ಥಿ ಬರೆದಿದ್ದರೆ ಹೀಗೆ ಕೇಳ್ತಿದ್ರಾ?" ಎಂದುಬಿಟ್ಟೆ.

ಅವರ ಮುಖ ಕಿವಿಯವರೆಗೂ ಕೆಂಪಾಯಿತು. "ಕ್ಷಮಿಸು" ಎಂದರು. ನಾನು ಬಾಗಿಲು ದಢಾರನೆ ಎಳೆದುಕೊಂಡು ಹೊರಗೆ ಬಂದೆ. ಎರಡು ವಾರ ಅತ್ತ ಹಾಯಲಿಲ್ಲ. ಆಮೇಲೆ ಅವರೇ ಇಮೇಲ್ ಕಳಿಸಿ, ತಿಂಗಳಿಗೊಮ್ಮೆ ನಡೆಯುವ ವಿಭಾಗದ ಸಭೆಯಲ್ಲಿ ಜೂನ್ ತಿಂಗಳ ಗುರುವಾರ ನನ್ನ ಹೆಸರು ಹಾಕಿಸಿರುವುದಾಗಿ ತಿಳಿಸಿದರು. ಆ ಸಂದಿನ ಮಾತು ಮತ್ತೆ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಅಂಥ ಮಾತು ಅನ್ನಿಸಿಕೊಳ್ಳಬೇಕಾದವರು ಈ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ, ಗುರುಗಳು ಮಾತ್ರ ಅಂಥವರಾಗಿರಲಿಲ್ಲ.

ಮೇ ತಿಂಗಳಲ್ಲಿ ಗದಗಿನಿಂದ ಅವ್ವ ಬಂದಳು. ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಶಾಲೆಯಲ್ಲಿ ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಬಂದ ದಿನ ಊಟದ ಟೇಬಲ್ ಮೇಲೆ ಹರಡಿದ್ದ ನನ್ನ ಪಟ್ಟಿಗಳನ್ನು ಕಂಡು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು. "ಚಲೋ ಕುಂತು ಬರದೀ" ಎಂದಷ್ಟೇ ಹೇಳಿ ಚೀಲ ಬಿಚ್ಚಲು ಹೋದಳು. ಹೊಗಳಿದಳು ಎಂದು ಹಿಗ್ಗಿದೆ.

ಸಭೆಯ ಹಿಂದಿನ ಭಾನುವಾರ ಬೆಳಿಗ್ಗೆ ನಾನು ಆ ಟೇಬಲ್ ಮೇಲೆಯೇ ಕೂತು ಸ್ಲೈಡ್ ಮಾಡುತ್ತಿದ್ದೆ. ಅವ್ವ ಎದುರಿಗೆ ಕೂತು ಮೆಂತೆ ಪಲ್ಲೆ ಸೋಸುತ್ತಿದ್ದಳು. ಗಂಡ ಕಾಫಿ ಮಾಡುತ್ತಿದ್ದ. ನನಗೆ ಹುರುಪು ಬಂದು ಎರಡೂ ಪಟ್ಟಿಯನ್ನು ಅವಳ ಮುಂದೆ ತಳ್ಳಿದೆ.

"ಅವ್ವಾ, ಇಲ್ಲಿ ನೋಡಬೇ. ಇವು ಲೈಬ್ರರಿ ಪುಸ್ತಕದಾಗಿನ ಅಕ್ಷರ. ಇವು ಆ ಮನುಷ್ಯಾನ ಮನ್ಯಾಗಿನ ಹಾಳಿವು. ನಿನಗ ಇಂಗ್ಲಿಷ್ ಬರೂದು ಬ್ಯಾಡ. ಎರಡೂ ಒಬ್ಬರs ಬರದಾರೋ ಇಲ್ಲೋ, ಅಷ್ಟು ಹೇಳು."

ಅವ್ವ ಪಲ್ಲೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನೋಡಿದ ಹಾಗೆ ಮಾಡಿದಳೇ ಹೊರತು ನೋಡಲಿಲ್ಲ, ಅದು ಈಗ ಹೊಳೆಯುತ್ತದೆ.

"ಒಬ್ಬರದs ಕೈ ಐತಿ."

"ಕೇಳಿದ್ಯಾ?" ಎಂದು ಗಂಡನಿಗೆ ಕೂಗಿ ಹೇಳಿದೆ. ಅವನು ತಿರುಗಲಿಲ್ಲ.

"ನಿಂದು" ಎಂದಳು ಅವ್ವ.

"ಏನು ನಂದು?"

"ಕೈ. ಎರಡೂ ನೀನs ಬರದೀ. ಈ ಹೊಟ್ಟಿ ನೋಡು. ಸೊನ್ನಿ ಬರಿಯೂ ಮುಂದ ನೀ ಕೆಳಗಿಂದ ಸುರು ಮಾಡಿ, ಮ್ಯಾಲೆ ಒಯ್ದು, ತಿರುವಿ ತಂದು ಕೂಡಸೂದು ಬಿಟ್ಟಬಿಡ್ತೀ. ಎರಡನೇ ಇಯತ್ತೆ ಮುಗಿಯೂ ತನಕಾ ಹೇಳಿ ಹೇಳಿ ನನಗ ಸಾಕಾಗಿತ್ತು."

"ನಾ ಅವನ ಅಕ್ಷರಾ ನೋಡಿ ತಗದೀನಿ!"

"ನೋಡಿದ್ದೇನೋ ಖರೆ. ತಗದಿದ್ದು ನಿನ್ನ ಕೈ ಅಲ್ಲೇನು?"

ನಾನು ಏನೇನು ಅಂದೆ ಎಂಬುದನ್ನೆಲ್ಲ ಇಲ್ಲಿ ಬರೆಯಲಾರೆ. ಇದೇನು ಕನ್ನಡ ಶಾಲೆಯ ಕಾಪಿ ಪುಸ್ತಕ ಅಂತ ತಿಳಿದೀಯಾ ಎಂದೆ. ನಿನಗೆ ಇದರ ಗಂಧವೂ ಗೊತ್ತಿಲ್ಲ ಎಂದೆ. ಇಲ್ಲಿ ಎಲ್ಲರೂ ನನ್ನನ್ನು ಕೆಳಗೆ ಹಾಕಲು ಕಾದಿದ್ದಾರೆ, ನೀನೂ ಅವರ ಜೊತೆ ಸೇರಿದೆ ಎಂದೆ. ಅವ್ವ ತಲೆ ಎತ್ತದೆ ಮೆಂತೆಯ ಎಲೆ ಬಿಡಿಸುತ್ತಿದ್ದಳು. ನಾನು ಅವಳಿಗೆ ತೋರಿಸಿಯೇ ತೀರುತ್ತೇನೆಂದು ಒಂದು ಕಾಗದ ಎಳೆದುಕೊಂಡು ಸರಸರನೆ ಒಂದು ಸಾಲು ಸೊನ್ನೆ ಬರೆದೆ. ಹತ್ತಕ್ಕೆ ಹತ್ತೂ ಎಡಬದಿ ಕೆಳಗೆ ಕೂದಲೆಳೆಯಷ್ಟು ತೆರೆದಿದ್ದವು.

ಆ ಕಾಗದವನ್ನು ಮುದ್ದೆ ಮಾಡಿ ಎಸೆದೆ. ಆದರೆ ಅಷ್ಟರಲ್ಲಿ ಇನ್ನೊಂದು ಸಂಗತಿ ತಲೆಯಲ್ಲಿ ಹೊಕ್ಕಾಗಿತ್ತು, ಅದು ನನಗೆ ಗುರುಗಳು ಮೊದಲ ತಿಂಗಳಲ್ಲೇ ಹೇಳಿಕೊಟ್ಟದ್ದು. ಆ ಕಾಲದ ಲೇಖನಿ ಹಕ್ಕಿಯ ಗರಿ, ಅದರ ಮೂತಿ ಅಗಲ. ಅದನ್ನು ಕೆಳಕ್ಕೆ ಎಳೆಯಬಹುದು, ಮೇಲಕ್ಕೆ ದಬ್ಬಿದರೆ ಚರ್ಮಕ್ಕೆ ಸಿಕ್ಕಿ ಶಾಯಿ ಸಿಡಿಯುತ್ತದೆ. ಹಾಗಾಗಿ ಆಗಿನವರು ದುಂಡನ್ನು ಒಂದೇ ಏಟಿಗೆ ಸುತ್ತುತ್ತಿರಲಿಲ್ಲ. ಮೇಲಿನಿಂದ ಎಡಕ್ಕೆ ಒಂದು ಗೆರೆ, ಮತ್ತೆ ಮೇಲಿನಿಂದ ಬಲಕ್ಕೆ ಒಂದು ಗೆರೆ, ಎರಡೂ ಕೆಳಗೆ ಬಲಬದಿಯಲ್ಲಿ ಕೂಡುತ್ತವೆ. ಎಡಗಡೆಯ ಗೆರೆ ಒಂದೇ ಎಳೆತ, ಅದರ ನಡುವೆ ಸಂದು ಬೀಳಲು ಜಾಗವೇ ಇಲ್ಲ. ಕೆಳಗಿನಿಂದ ಹತ್ತಿ, ಸುತ್ತಿ ಬಂದು, ಎಡಕ್ಕೆ ಬಾಯಿ ಬಿಡುವ ದುಂಡು ಪೆನ್ಸಿಲಿಗೆ ಮಾತ್ರ ಸಾಧ್ಯ.

ಸೋಮವಾರ ಟಕ್ವಿಲಾಕ್ಕೆ ರಜೆ ಹಾಕಿ ಲೈಬ್ರರಿಗೆ ಹೋದೆ. ಪಟ್ಟಿ ಒಯ್ಯಲಿಲ್ಲ. ಪುಸ್ತಕ ತರಿಸಿಕೊಂಡು ಭೂತಗಾಜು ಹಿಡಿದು ಒಂದೊಂದೇ ಜಿ ನೋಡುತ್ತ ಹೋದೆ. ಮುಚ್ಚಿದೆ. ಮುಚ್ಚಿದೆ. ಮುಚ್ಚಿದೆ. ನಾನು ಮೊದಲು ಸಂದು ಕಂಡ ಆ ಎರಡು ಪುಟದಲ್ಲಿ ಮಾತ್ರ ಶಾಯಿ ಚಕ್ಕೆಯೆದ್ದು ಉದುರಿತ್ತು, ಕೆಳಗೆ ಗೆರೆಯ ಮಾಸಿದ ಗುರುತು ಸ್ಪಷ್ಟವಾಗಿಯೇ ಇತ್ತು. ಅಲ್ಲಿ ಒಮ್ಮೆ ಕಂಡದ್ದನ್ನು ನನ್ನ ಕೈ ತನ್ನದೇ ಎಂದು ಗುರುತಿಸಿ, ಆಮೇಲೆ ಎಲ್ಲೆಡೆ ಹಾಗೇ ಬರೆದುಕೊಂಡು ಹೋಗಿದೆ. ಮಂಗಳವಾರ ಬೆಲ್ವ್ಯೂಗೆ ಹೋಗಿ, ಫೋನನ್ನು ಬಟ್ಟಲಿಗೆ ಹಾಕಿ, ಪರದೆ ಪೂರ್ತಿ ಸರಿಸದಿದ್ದರೆ ಇಲ್ಲಿಂದ ಅಲುಗುವುದಿಲ್ಲ ಎಂದು ಆ ಆಸಾಮಿಗೆ ಹೇಳಿದೆ. ನನ್ನ ದನಿ ಕೇಳಿ ಆತ ತೆಪ್ಪಗೆ ಸರಿಸಿದ. ಬೆಳಕಿನಲ್ಲಿ ಅಲ್ಲಿಯೂ ಒಂದೇ ಒಂದು ಜಿ ತೆರೆದಿರಲಿಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸತ್ತ ಲಿಪಿಕಾರನ ಮೇಲೂ ಬಂತು. ಎರಡು ವರ್ಷ ಅವನ ಹಿಂದೆ ಅಲೆದರೆ ಕೊನೆಗೆ ಸಿಕ್ಕಿದ್ದು ಗದಗಿನ ಎರಡನೆಯ ಇಯತ್ತೆಯ ಹುಡುಗಿ.

ಬುಧವಾರ ಗುರುಗಳ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಎರಡು ಪಟ್ಟಿಯನ್ನೂ ನಾನು ಬರೆದು ತೋರಿಸಿದ ಸೊನ್ನೆಗಳನ್ನೂ ನೋಡಿ, ಕನ್ನಡಕ ತೆಗೆದಿಟ್ಟರು. "ಉಳಿದ ಅಕ್ಷರ ಹೊಂದುತ್ತವಲ್ಲ. ಬಹಳ ಹತ್ತಿರದ ಕೈ, ಬಹುಶಃ ಒಂದೇ ಕಡೆ ಕಲಿತವರು ಅಂತ ಹೇಳು ಸಾಕು. ಯಾರೂ ಕೆದಕೋದಿಲ್ಲ" ಎಂದರು. ಕರುಣೆಯಿಂದಲೇ ಹೇಳಿದರು. ಆ ಕರುಣೆ ಕಂಡು ನನಗೆ ಇನ್ನಷ್ಟು ರೇಗಿತು.

"ನಿಮಗೆ ವಸಂತದಲ್ಲೇ ಅನುಮಾನ ಇತ್ತಲ್ಲ. ಯಾಕೆ ಪಟ್ಟು ಹಿಡಿದು ಕೇಳಲಿಲ್ಲ?" ಎಂದೆ.

"ಒಮ್ಮೆ ಕೇಳಿದ್ದೆ" ಎಂದರು. ಅಷ್ಟೇ. ನಾನು ಅಂದು ಆಡಿದ ಮಾತನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಗುರುವಾರ ಉದ್ದನೆಯ ಮೇಜಿನ ಸುತ್ತ ಹದಿನೈದು ಜನರಿದ್ದರು. ಬೆಲ್ವ್ಯೂದ ಆಸಾಮಿಯೂ ಟೈ ಕಟ್ಟಿಕೊಂಡು ಬಂದು ಹಿಂದೆ ಕೂತಿದ್ದ. ಎರಡು ಪಟ್ಟಿಗಳನ್ನು ಪರದೆಯ ಮೇಲೆ ಹಾಕಿದೆ. ಹೀಗೆ ಬಿಡಿಸಿದೆ, ಹೀಗೆ ಹೋಲಿಸಿದೆ, ಒಬ್ಬನೇ ಲಿಪಿಕಾರ ಎಂದು ತೀರ್ಮಾನಿಸಿದೆ ಎಂದು ಹೇಳಿ, "ಈ ಎರಡನ್ನೂ ಬರೆದ ಆ ಒಬ್ಬ ಲಿಪಿಕಾರ ನಾನು" ಎಂದೆ. ಜೋಕ್ ಎಂದುಕೊಂಡು ಒಬ್ಬ ನಕ್ಕ. ಅವನನ್ನೇ ದಿಟ್ಟಿಸಿ ನೋಡುತ್ತ ಉಳಿದದ್ದನ್ನು ವಿವರಿಸಿದೆ. ಮೂಲ ಹಾಳೆಯಲ್ಲಿ ಸಂದು ಇಲ್ಲ, ಗರಿಗೆ ಅದು ಆಗುವುದೂ ಇಲ್ಲ, ಸಂದು ತೆಗೆದುಬಿಟ್ಟರೆ ಹೇಳಲು ನನ್ನ ಬಳಿ ಏನೂ ಇಲ್ಲ. ಹಾಗಾದರೆ ಆ ಬಿಡಿ ಹಾಳೆ ಯಾರದು ಎಂದು ಯಾರೋ ಕೇಳಿದರು. ಗೊತ್ತಿಲ್ಲ ಎಂದೆ. ಆಸಾಮಿ ಕಾಫಿಗೂ ನಿಲ್ಲದೆ ಹೋದ.

ಸರೋವರದ ಮೇಲಿನ ಸೇತುವೆ ದಾಟುವಷ್ಟು ಹೊತ್ತೂ ಸ್ಟೀರಿಂಗ್ ಹಿಡಿದು ಒಬ್ಬಳೇ ಜಗಳವಾಡಿದೆ. ನಕ್ಕವನ ಜೊತೆ, ಆಸಾಮಿಯ ಜೊತೆ, ಯೂಸ್ ಏನು ಎನ್ನುವ ಪಾರ್ಟಿ ಹಾಲಿನವರ ಜೊತೆ. ಮನೆ ಹೊಕ್ಕಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಗಂಡ ಆಫೀಸಿನಿಂದ ಬೇಗ ಬಂದು ಅಲ್ಲೇ ನಿಂತಿದ್ದ.

"ಹೇಳಿದೇನು?" ಎಂದಳು ಅವ್ವ.

"ಹೇಳಿದೆ."

"ಚಲೋ ಆತು."

ಅವಳು ಅಷ್ಟು ನಿರಾಳವಾಗಿ ಹೇಳಿದ್ದೇ ನನಗೆ ಚುಚ್ಚಿತು. "ಅವ್ವಾ, ನಿನಗ ಇದು ಯಾವಾಗ ಗೊತ್ತಾತು?"

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಬಂದ ದಿವಸಾನs. ನೋಡಿದ ಕೂಡಲೆ."

"ತಿಂಗಳಾತಲ್ಲಬೇ! ಮತ್ತ ಯಾಕ ಹೇಳಲಿಲ್ಲ?"

"ಎರಡ ಸಲ ಬಾಯಿ ಮಟಾ ಬಂದಿತ್ತು. ಅಂಜಿದೆ."

"ಯಾರಿಗೆ?"

"ನಿನಗs ಮತ್ತ, ಇನ್ಯಾರಿಗೆ? ಇಂವಾ ಸುದ್ಧಾ ಅಂದ, ಈಗ ಬ್ಯಾಡ್ರಿ ಅತ್ತಿ, ಆಕಿ ಸಭಾ ಮುಗೀಲಿ ಅಂತ."

ಗಂಡ ನೆಲ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು. ನನ್ನ ಮನೆಯಲ್ಲಿ, ನನ್ನ ಅಡುಗೆಮನೆಯಲ್ಲಿ ನಿಂತು ಇಬ್ಬರೂ, ಆ ಭಾನುವಾರ ನಾನೇ ಕೇಳದೆ ಹೋಗಿದ್ದರೆ, ನನ್ನನ್ನು ಆ ಹದಿನೈದು ಜನರ ಮುಂದೆ ಸುಳ್ಳು ಹೇಳಲು ಕಳಿಸಿಕೊಡುವವರಿದ್ದರು, ನನ್ನ ಬಾಯಿಗೆ ಹೆದರಿ. ಕೂಗಲೆಂದು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದೆ.

ಅವ್ವ ಹಿಟ್ಟಿನ ಕೈಯನ್ನು ಎದೆಗೆ ಹಿಡಿದುಕೊಂಡು ಹಿಂದಕ್ಕೆ ಸರಿದಳು.